ಹುಳುವಿಗೆ ಬಾಧೆ ಇಲ್ಲ

ಹಳ್ಳಿಮೈಸೂರಿನ ಹೊರಗಿದ್ದ ಆ ಚಾಕಿ ಕೇಂದ್ರದಲ್ಲಿ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ತೀರ್ಮಾನಿಸುತ್ತಿದ್ದದ್ದು ಮನುಷ್ಯರಲ್ಲ, ಹುಳುಗಳು. ಮೊಟ್ಟೆಯೊಡೆದ ರೇಷ್ಮೆ ಹುಳುವನ್ನು ಎರಡನೆಯ ಜ್ವರ ದಾಟುವವರೆಗೆ, ಅಂದರೆ ಎರಡು ಸಲ ಪೊರೆ ಕಳಚುವವರೆಗೆ, ಸಾಕಿ ರೈತರ ಕೈಗೆ ಕೊಡುವ ಜಾಗ ಅದು. ಆ ಎಳೆಯ ಜೀವಗಳಿಗೆ ಹೊಗೆಸೊಪ್ಪಿನ ವಾಸನೆ ಆಗದು, ಅರಿಸಿನ ಆಗದು. ಪಕ್ಕದ ಹೊಲದಲ್ಲಿ ಯಾರಾದರೂ ಔಷಧಿ ಹೊಡೆದರೆ ಬೆಳಗಾಗುವುದರೊಳಗೆ ತಟ್ಟೆಗಟ್ಟಲೆ ಸತ್ತು ಬೀಳುತ್ತಿದ್ದವು. ಹಾಗಾಗಿ ಹೊಸ ಸೋಪು ಬರಲಿ, ಹೊಸ ಪೊರಕೆ ಬರಲಿ, ಮೇಲ್ವಿಚಾರಕ ಗುಂಡಯ್ಯ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಉಳ ಏನಂತು?" ಹುಳು ಸುಮ್ಮನಿದ್ದರೆ ಆ ವಸ್ತು ಲೋಕಕ್ಕೆಲ್ಲ ಕ್ಷೇಮ ಎಂದು ಅಲ್ಲಿ ಎಲ್ಲರೂ ನಂಬಿದ್ದರು. ನಂಬಲು ಕಾರಣವೂ ಇತ್ತು. ಅದಕ್ಕಿಂತ ಸೂಕ್ಷ್ಮವಾದ ಜೀವವನ್ನು ಅವರು ಕಂಡಿರಲಿಲ್ಲ.

ಹಾಸನದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುತ್ತಿದ್ದ ಯೋಗಾನರಸಿಂಹ ಅಲ್ಲಿಗೆ ಬಂದದ್ದು 2001ರ ನವೆಂಬರಿನಲ್ಲಿ, ಗೆಳೆಯ ಗಿರಿಧರನ ಬೆನ್ನುಹತ್ತಿ. ಗಿರಿಧರ ಮೆಕ್ಯಾನಿಕಲ್ ವಿಭಾಗದವನು. ತಣ್ಣನೆಯ ದೇಶವೊಂದರಲ್ಲಿ ಆರು ತಿಂಗಳ ತರಬೇತಿ ಮುಗಿಸಿಕೊಂಡು ಬಂದಿದ್ದ. ಅಲ್ಲಿ ನೆಲದೊಳಗಿನ ಶಾಖವನ್ನೇ ಮೇಲೆತ್ತಿ ಮನೆಗಳನ್ನು ಬೆಚ್ಚಗಿಡುತ್ತಾರಂತೆ. ಚಾಕಿ ಮನೆಗೆ ಹಗಲೂ ರಾತ್ರಿ ಇಪ್ಪತ್ತೇಳು ಡಿಗ್ರಿ ಬೇಕು. ಮಾಗಿಯ ಚಳಿಯಲ್ಲಿ ಇದ್ದಿಲ ಒಲೆ ಹಚ್ಚಿದರೆ ಹೊಗೆ, ಹೀಟರು ಹಾಕಿದರೆ ಕರೆಂಟು ಸಾಲದು. ಕೇಂದ್ರದ ಹಿಂದೆ ನೀರು ಬೀಳದ ಎರಡು ಬೋರ್‌ವೆಲ್‌ಗಳು ಬಾಯಿಬಿಟ್ಟುಕೊಂಡು ಬಿದ್ದಿದ್ದವು. ಗಿರಿಧರ ಅವುಗಳಲ್ಲಿ ಕಪ್ಪು ಪೈಪನ್ನು ಕೆಳಗಿನವರೆಗೆ ಇಳಿಸಿ, ತಿರುಗಿಸಿ ಮೇಲೆ ತಂದು, ಶೆಡ್ಡಿನಲ್ಲಿದ್ದ ಯಂತ್ರಕ್ಕೆ ಜೋಡಿಸಿದ. ಪೈಪಿನಲ್ಲಿ ಸುತ್ತುವ ದ್ರವ ನೆಲದ ಶಾಖ ಹೊತ್ತು ತರುತ್ತದೆ, ಯಂತ್ರ ಅದನ್ನು ಹಿಂಡಿ ಚಾಕಿ ಮನೆಗೆ ಕೊಡುತ್ತದೆ. ಆ ದ್ರವ ಬರಿಯ ನೀರಲ್ಲ; ಮೂರರಲ್ಲೊಂದು ಪಾಲು ಗ್ಲೈಕಾಲ್ ಬೆರೆಸಿದ, ಹೆಪ್ಪುಗಟ್ಟದ, ಹಸಿರು ಬಣ್ಣದ ನೀರು. ಕೈಪಿಡಿಯಲ್ಲಿ ಹಾಗೇ ಇತ್ತು.

"ಇದು ಹುಳುವಿಗೆ ಏನಾದರೂ ಮಾಡುತ್ತಾ, ಅಷ್ಟು ಮಾತ್ರ ನೋಡಿಕೊಡು" ಎಂದಿದ್ದ ಗಿರಿಧರ.

ಯೋಗಾನರಸಿಂಹ ನೋಡಿಕೊಟ್ಟರು. ಯಾವ ಕೆಲಸವನ್ನೂ ಅರೆಬರೆ ಮಾಡಿದವರಲ್ಲ. ನಾಲ್ಕು ತಟ್ಟೆ ಹುಳುವಿಗೆ ಆ ದ್ರವದ ಆವಿ ಹಾಯಿಸಿದರು. ಇನ್ನು ನಾಲ್ಕಕ್ಕೆ, ನೂರಕ್ಕೊಂದು ಪಾಲು ದ್ರವದಲ್ಲಿ ಅದ್ದಿದ ಹಿಪ್ಪುನೇರಳೆ ಸೊಪ್ಪು ಹಾಕಿಸಿದರು. ಹೋಲಿಕೆಗೆಂದು ನಾಲ್ಕು ತಟ್ಟೆಗಳನ್ನು ಮುಟ್ಟದೆ ಇಟ್ಟರು. ಎರಡನೆಯ ಜ್ವರದಿಂದ ಎಲ್ಲ ತಟ್ಟೆಗಳೂ ಒಂದೇ ಸಮನೆ ಎದ್ದವು. ದಾಖಲೆ ಪುಸ್ತಕದಲ್ಲಿ ಅವರು ದುಂಡನೆಯ ಅಕ್ಷರದಲ್ಲಿ ಬರೆದರು: ಹುಳುವಿಗೆ ಬಾಧೆ ಇಲ್ಲ.

ಶೆಡ್ಡಿನ ಹಿಂದೆ, ಪೈಪು ನೆಲದಿಂದ ಮೇಲೇಳುವ ಕಡೆ ಒಂದು ಜೋಡಣೆ ತೊಟ್ಟಿಕ್ಕುತ್ತಿತ್ತು. ಹೊಸ ವಾಷರ್ ಬರುವವರೆಗೆ ಎಷ್ಟು ಸೋರುತ್ತದೆಂದು ತಿಳಿಯಲಿ ಎಂದು ಯೋಗಾನರಸಿಂಹ ಅದರ ಕೆಳಗೊಂದು ಬಕೆಟ್ ಇಡಿಸಿದರು. ಬಂದ ದಿನವೆಲ್ಲ ಅದನ್ನು ಅಳೆದು ಬರೆದು, ಅಷ್ಟನ್ನೂ ಮತ್ತೆ ಪೈಪಿಗೆ ತುಂಬಿಸುತ್ತಿದ್ದರು. ದಿನಕ್ಕೆ ಎರಡೂವರೆ ಲೀಟರ್.

"ಈ ಸಾ ಬಂದ್ ಮ್ಯಾಕೆ ಬಕೀಟೂ ಪರೀಕ್ಸೆ ಬರೀಬೇಕು" ಎಂದು ಮಲ್ಲಿಗಮ್ಮ ನಗುತ್ತಿದ್ದಳು. ಕೇಂದ್ರದಲ್ಲಿ ಸೊಪ್ಪು ಹೆಚ್ಚುವ, ತಟ್ಟೆ ಬದಲಿಸುವ ಕೆಲಸದವಳು. ಗಂಡ ತೀರಿಕೊಂಡು ಒಂಬತ್ತು ವರ್ಷ. ಹುಳು ತಿಂದುಳಿದ ಸೊಪ್ಪು, ಕಡ್ಡಿ ಎಲ್ಲ ಕೆಲಸದವರ ದನಗಳಿಗೆ ಎಂಬುದು ಅಲ್ಲಿನ ಪದ್ಧತಿ. ಅವಳ ಕೆಂದ ಹಸು ಅದನ್ನು ತಿನ್ನಲು ಶೆಡ್ಡಿನ ಹಿಂದೆಯೇ ನಿಲ್ಲುತ್ತಿತ್ತು. ಏಳು ತಿಂಗಳ ಗಬ್ಬ.

"ಸಾ, ಅಸ ಗಿಸ ಈ ನೀರ್ ಮೂಸುದ್ರೆ?" ಎಂದು ಅವಳು ಒಂದು ದಿನ ಕೇಳಿದಳು. "ಏನೋ ಸೀ ವಾಸ್ನೆ ಬತ್ತದೆ."

ಯೋಗಾನರಸಿಂಹ ಉತ್ತರಿಸುವ ಮೊದಲೇ ಗುಂಡಯ್ಯ ಬಾಯಿ ಹಾಕಿದ. "ಉಳಕ್ಕೇ ಏನೂ ಆಗ್ಲಿಲ್ವಂತೆ, ನಿನ್ ಎಮ್ಮೆಯಂತಾ ಅಸೀಗ್ ಏನಾದದು? ನಿನ್ ನಾಲ್ಗೆ ತಗುಲುದ್ರೆ ಆ ನೀರೇ ಸಾಯ್ತದೆ, ಓಗು."

"ನಿನ್ ಎಂಡ್ರಷ್ಟು ಉದ್ದಿಲ್ಲ ಬುಡಣ್ಣ ನನ್ ನಾಲ್ಗೆ!"

ಎಲ್ಲರೂ ನಕ್ಕರು. ಯೋಗಾನರಸಿಂಹರೂ ನಕ್ಕು, "ಏನೂ ಆಗಲ್ಲ ಬಿಡಮ್ಮ, ಪರೀಕ್ಷೆ ಮಾಡಿದೀನಿ" ಎಂದರು. ಹುಳು ನೀರು ಕುಡಿಯುವ ಪ್ರಾಣಿಯಲ್ಲ, ಹುಳುವಿಗೆ ಹಸುವಿನಂಥ ಮೂತ್ರಪಿಂಡವೂ ಇಲ್ಲ ಎಂಬುದು ಅವರಿಗೆ ತಿಳಿಯದ ವಿಷಯವಾಗಿರಲಿಲ್ಲ. ಆ ಹೊತ್ತಿನಲ್ಲಿ ಅದು ನೆನಪಿಗೆ ಬರಲಿಲ್ಲ. ಆ ಜಾಗದಲ್ಲಿ ಎರಡು ತಿಂಗಳು ಓಡಾಡಿ ಅವರೂ ಅಲ್ಲಿಯವರ ಹಾಗೆಯೇ ಯೋಚಿಸತೊಡಗಿದ್ದರು.

ಸಂಕ್ರಾಂತಿ ಆ ವರ್ಷ ಸೋಮವಾರ ಬಿತ್ತು. ಶುಕ್ರವಾರ ಬಕೆಟ್ ಬರಿದು ಮಾಡಿ ಹೊಳೆನರಸೀಪುರದ ಮನೆಗೆ ಹೋದ ಯೋಗಾನರಸಿಂಹ ಮರಳಿ ಬಂದದ್ದು ಮಂಗಳವಾರ. ನಾಲ್ಕು ದಿನಕ್ಕೆ ಹತ್ತು ಲೀಟರ್ ಇರಬೇಕಾದ ಕಡೆ ಒಂದೂವರೆ ಲೀಟರ್ ಇತ್ತು. ಅವರಿಗೆ ಸಂತೋಷವೇ ಆಯಿತು. 'ಸೋರಿಕೆ ತಾನಾಗಿ ಕಡಿಮೆಯಾಗಿದೆ' ಎಂದು ಬರೆದು ಹಾಸನದ ಬಸ್ ಹತ್ತಿದರು.

ಹಿಂದಿನ ಸಂಜೆ ಊರಲ್ಲಿ ದನಗಳಿಗೆ ಕಿಚ್ಚು ಹಾಯಿಸುವಾಗ, ಪಕ್ಕದಲ್ಲಿ ನಿಲ್ಲಿಸಿದ್ದ ಮಲ್ಲಿಗಮ್ಮನ ಹಸು ಕಾಲು ಸೊಟ್ಟ ಹಾಕುತ್ತಾ ತೂರಾಡಿತ್ತು. "ಅಬ್ಬ ಅಂತ ಅಸೀಗೂ ಎಂಡ ಕುಡ್ಸವ್ಳೆ ನೋಡ್ರಲಾ" ಎಂದು ಜನ ನಕ್ಕಿದ್ದರು. ಬಣ್ಣ ಹಚ್ಚಿದ ಕೊಂಬು, ಕೊರಳಲ್ಲಿ ಸೇವಂತಿಗೆ ಹಾರ. ಅದೂ ಒಂದು ತಮಾಷೆಯಂತೆಯೇ ಕಂಡಿತ್ತು. ಮಾರನೆಯ ದಿನ ಹಸು ಸರಿಯಾಯಿತು ಅನ್ನಿಸಿತು. ಬುಧವಾರ ಮೇವು ಬಿಟ್ಟಿತು. ಗುರುವಾರ ಗಂಜಲ ನಿಂತುಹೋಗಿ ನೆಲ ಹಿಡಿಯಿತು. ಶುಕ್ರವಾರ ಬೆಳಗ್ಗೆ, ಹೊಟ್ಟೆಯ ಕರುವಿನೊಂದಿಗೆ ಸತ್ತಿತು.

ಆ ಶುಕ್ರವಾರ ಯೋಗಾನರಸಿಂಹ ಬಸ್ಸಿಳಿದಾಗ ಕೇಂದ್ರದಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಮಲ್ಲಿಗಮ್ಮನ ಮನೆಯ ಮುಂದಿದ್ದರು. ಪಶುವೈದ್ಯ ಪಾಲಾಕ್ಷ ಹಸುವಿನ ಹೊಟ್ಟೆ ಕೊಯ್ದು ನೋಡಿ, ಕೈ ತೊಳೆಯುತ್ತಿದ್ದರು. "ಕಿಡ್ನಿ ಎರಡೂ ಹಾಳಾಗಿದೆ. ಏನೋ ವಿಷ ಹೊಟ್ಟೆಗೆ ಹೋಗಿದೆ ಕಣಮ್ಮ. ಯಾವುದು ಅಂತ ಹೇಳಕ್ಕೆ ಆಗಲ್ಲ."

ವಿಷ ಎಂಬ ಮಾತು ಕೇಳಿದ್ದೇ ಮಲ್ಲಿಗಮ್ಮ ಎದ್ದು ನಿಂತಳು. ಪಕ್ಕದ ಮನೆಯ ಜಗಲಿಯಲ್ಲಿ ಅವಳ ಅಣ್ಣ ಹುಚ್ಚಯ್ಯ ತಲೆ ಮೇಲೆ ಟವೆಲ್ ಹಾಕಿಕೊಂಡು ಕೂತಿದ್ದ. ವಾರದ ಕೆಳಗೆ ಹಸು ಅವನ ಅವರೆ ಹೊಲಕ್ಕೆ ನುಗ್ಗಿತ್ತು. "ಇನ್ನೊಂದ್ ಕಿತ ನುಗ್ಗುದ್ರೆ ಇದು ಜೀವ್ಸಯ್ತ ಮನೀಗ್ ಬರಾಕಿಲ್ಲ" ಎಂದು ಹತ್ತು ಜನರೆದುರು ಕೂಗಾಡಿದ್ದ.

"ಆಡ್ದಂಗೇ ಮಾಡ್ಬುಟ್ಟಲ್ಲೋ ಅಣ್ಣ."

"ಲೇ ಮಲ್ಲಿಗಾ, ಏನಂತ ಮಾತಾಡ್ತೀಯೆ?"

"ಒಟ್ಟೇಲಿದ್ ಕರಾನಾದ್ರೂ ನೋಡ್ಬಾರ್ದಾ? ಅಬ್ಬದ ದಿನವೇ ಆಕ್ಬುಟ್ಟಲ್ಲೋ!"

"ಚನ್ನರಾಯಪಟ್ಣದ್ ಸಂತೇಲಿ ಕರ ತಕ್ಕೊಂಡು ಎಗಲ್ ಮ್ಯಾಲೆ ಒತ್ಕೊಂಡ್ ಬಂದು ನಿನ್ ಕೊಟ್ಗೇಲಿ ಕಟ್ದೋನು ನಾನು ಕಣೆ! ನಾನ್ ಆಕ್ತೀನಾ?"

"ಕೊಟ್ಟೋನ್ಗೆ ಕಿತ್ಕೊಳದೂ ಗೊತ್ತಿರ್ತದೆ."

ಹುಚ್ಚಯ್ಯ ತಲೆ ಮೇಲಿನ ಟವೆಲ್ ತೆಗೆದು ಜಗಲಿಯಿಂದ ಇಳಿದ. ಗಂಡ ಸತ್ತಾಗ ತಂಗಿಯನ್ನೂ ಅವಳ ಮಗಳು ಯಶೋಧರೆಯನ್ನೂ ತನ್ನ ಗೋಡೆಗೆ ಗೋಡೆ ಹಾಕಿ ಮನೆ ಕಟ್ಟಿಸಿ ಕೂರಿಸಿಕೊಂಡವನು ಅವನು. ಯಶೋಧರೆಯ ಮದುವೆ ಫೆಬ್ರವರಿ ಹತ್ತಕ್ಕೆ ಗೊತ್ತಾಗಿತ್ತು. ಸೋದರಮಾವನಾಗಿ ಹುಡುಗಿಯ ಕೈಹಿಡಿದು ಹಸೆಗೆ ಕರೆತರಬೇಕಾದವನೂ ಅವನೇ. ಅಷ್ಟು ಜನರ ಮುಂದೆ ಮಲ್ಲಿಗಮ್ಮ ಹೇಳಿದಳು: "ನನ್ ಮಗಳ ಕೈ ಮುಟ್ಟಬ್ಯಾಡ ನೀನು."

ಯೋಗಾನರಸಿಂಹ ಅಲ್ಲಿಂದ ನೇರ ಶೆಡ್ಡಿನ ಹಿಂದಕ್ಕೆ ಹೋದರು. ಬಕೆಟ್ಟಿನಲ್ಲಿ ಮೂರು ದಿನದ ಏಳೂವರೆ ಲೀಟರ್ ಹಸಿರು ನೀರು ಇತ್ತು. ಸೋರಿಕೆ ಕಡಿಮೆಯಾಗಿರಲೇ ಇಲ್ಲ. ಬಕೆಟ್ಟಿನ ಸುತ್ತ ಒಣಗಿದ ಮಣ್ಣಿನಲ್ಲಿ ಗೊರಸಿನ ಗುರುತುಗಳಿದ್ದವು. ಬೆರಳದ್ದಿ ಮೂಗಿನ ಹತ್ತಿರ ಹಿಡಿದರು. ಗ್ಲೈಕಾಲ್ ಸಿಹಿ, ಅದನ್ನು ಇಪ್ಪತ್ತೆರಡು ವರ್ಷ ಅವರೇ ಪಾಠ ಹೇಳಿದ್ದರು. ದೇಹದೊಳಗೆ ಅದು ಆಕ್ಸಲೇಟ್ ಆಗಿ, ಹರಳುಗಟ್ಟಿ, ಮೂತ್ರಪಿಂಡವನ್ನು ಕಟ್ಟಿಹಾಕುತ್ತದೆ ಎಂಬುದು ಪಠ್ಯದ ಕೊನೆಯ ಸಾಲು. ಪರೀಕ್ಷೆಗೆ ಬರುವುದಿಲ್ಲವೆಂದು ಅದನ್ನು ಮಾತ್ರ ಬಿಟ್ಟುಬಿಡುತ್ತಿದ್ದರು.

ಬಕೆಟ್ ಎತ್ತಿಸಿದರು. ಶೆಡ್ಡಿನ ಸುತ್ತ ಮುಳ್ಳು ಹಾಕಿಸಿದರು. ಗುಂಡಯ್ಯ ಯಾಕೆಂದು ಕೇಳಿದ್ದಕ್ಕೆ, "ಪೈಪಿಗೆ ದನ ಕಾಲು ಹಾಕೀತು" ಎಂದರು. ಸಂಜೆ ಪಾಲಾಕ್ಷರ ಹತ್ತಿರ ಹೋಗಿ, ಪಾಠಕ್ಕೆ ಬೇಕು ಎಂದು ಫಾರ್ಮಲಿನ್ನಿನಲ್ಲಿಟ್ಟ ಮೂತ್ರಪಿಂಡದ ಒಂದು ತುಣುಕು ಕೇಳಿ ಪಡೆದರು. ಒಂದೇ ದಿನ ಎರಡು ಸುಳ್ಳು. ಅವರಿಗೆ ರೂಢಿಯಿರಲಿಲ್ಲ, ಆದರೂ ಸುಲಭವಾಗಿ ಬಂತು.

ಮಂಗಳವಾರ ಪ್ರಾಣಿಶಾಸ್ತ್ರ ವಿಭಾಗದ ಮೈಕ್ರೋಸ್ಕೋಪಿನ ಕೆಳಗೆ ಅವು ಕಂಡವು. ಬೀಸಣಿಗೆಯಂತೆ ಬಿಚ್ಚಿಕೊಂಡ, ಬಣ್ಣವಿಲ್ಲದ ಹರಳುಗಳು. ಗಿರಿಧರನನ್ನು ಕರೆದು ತೋರಿಸಿದರು.

ಗಿರಿಧರ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ, "ಆಕ್ಸಲೇಟ್ ಬೇರೆ ಕಾರಣಕ್ಕೂ ಬರುತ್ತೆ ಅಲ್ವಾ? ಯಾವುದೋ ಸೊಪ್ಪು ತಿಂದರೂ?" ಎಂದ.

"ಬರುತ್ತೆ. ಹೀಗೆ ಬರಲ್ಲ."

"ಖಂಡಿತಾ ಹೇಳ್ತೀಯಾ?"

ಖಂಡಿತ ಎಂಬ ಮಾತನ್ನು ಯೋಗಾನರಸಿಂಹ ಸುಲಭವಾಗಿ ಬಳಸಿದವರಲ್ಲ. "ಇನ್ನೊಂದು ಸಲ ನೋಡಬೇಕು" ಎಂದರು.

"ನೋಡು. ಅಲ್ಲೀವರೆಗೂ ಯಾರ ಹತ್ತಿರಾನೂ ಮಾತು ಬೇಡ. ಮುಂದಿನ ತಿಂಗಳು ಯಂತ್ರಕ್ಕೆ ದುಡ್ಡು ಕೊಟ್ಟೋರು ಪರಿಶೀಲನೆಗೆ ಬರ್ತಾರೆ. ಒಂದು ಹಸುವಿನ ಹೆಸರಲ್ಲಿ ಎಲ್ಲ ಮುಳುಗೋದು ಬೇಡ."

ಅಂದು ಲ್ಯಾಬಿನಲ್ಲಿ ಕೂತು ಅವರು ದಾಖಲೆ ಪುಸ್ತಕವನ್ನು ಮೊದಲಿನಿಂದ ಓದಿದರು. ಪೈಪಿನ ದ್ರವದ ಉಷ್ಣತೆಯನ್ನು ಅವರೇ ಬರೆಯುತ್ತ ಬಂದಿದ್ದರು. ಇಡೀ ಚಳಿಗಾಲದಲ್ಲಿ, ಯಂತ್ರದಿಂದ ಹೊರಬರುವ ಅತಿ ತಣ್ಣನೆಯ ಕಡೆಯಲ್ಲಿ ಕೂಡ, ಅದು ಹದಿನೈದು ಡಿಗ್ರಿಗಿಂತ ಕೆಳಗೆ ಇಳಿದಿರಲಿಲ್ಲ. ಹೆಪ್ಪುಗಟ್ಟುವ ಮಾತೇ ಇರಲಿಲ್ಲ. ಹಿಮ ಬೀಳುವ ಊರಿನವರು ಬರೆದ ಕೈಪಿಡಿಯನ್ನು, ಯಾರ ಮನೆ ಹೊಂಡದಲ್ಲೂ ಯಾವ ಕಾಲಕ್ಕೂ ನೀರು ಹೆಪ್ಪುಗಟ್ಟದ ಊರಿನಲ್ಲಿ, ಓದು ಬಲ್ಲ ಇಬ್ಬರು ಅಕ್ಷರ ಬಿಡದೆ ಪಾಲಿಸಿದ್ದರು. ಬಾವಿಯ ನೀರು ಸಾಕಾಗುತ್ತಿತ್ತು. ಬರಿಯ ಬಾವಿಯ ನೀರು. ಅವರು ಪುಸ್ತಕ ಮುಚ್ಚಿ ಅದರ ಮೇಲೆ ಎರಡೂ ಕೈಯಿಟ್ಟು ಕೂತರು.

ತಿಂಗಳ ಕೊನೆಗೆ ಪೈಪಿನಲ್ಲಿದ್ದುದನ್ನೆಲ್ಲ ಡ್ರಮ್ಮುಗಳಿಗೆ ಇಳಿಸಿ, ಬೀಗ ಹಾಕಿದ ಕೋಣೆಯಲ್ಲಿಟ್ಟು, ನೀರು ತುಂಬಿಸಿದರು. ಯಂತ್ರ ಮೊದಲಿನಂತೆಯೇ ಓಡಿತು. ಎರಡನೆಯ ಪರೀಕ್ಷೆಗೆ ಹರಳಿನ ಜಾತಿ ಗುರುತಿಸುವ, ಭೂವಿಜ್ಞಾನ ವಿಭಾಗದ ಮೈಕ್ರೋಸ್ಕೋಪ್ ಬೇಕಿತ್ತು. ಅದರ ಮೇಷ್ಟ್ರು ರಜೆಯಲ್ಲಿದ್ದರು. ಯೋಗಾನರಸಿಂಹ ಕಾದರು.

ಮನೆಯಲ್ಲಿ ಊಟಕ್ಕೆ ಕೂತಾಗ ಒಂದು ದಿನ ಹೆಂಡತಿ ಶ್ರೀಗೌರಿಗೆ ಎಲ್ಲ ಹೇಳಿದರು. ಅವಳು ಸಾರಿನ ಸೌಟು ಕೆಳಗಿಟ್ಟಳು. "ಆ ಅಣ್ಣ ಈಗೆಲ್ಲಿದಾನೆ?"

"ಅರಕಲಗೂಡಿನ ಕಡೆ, ಮಲ್ಲಿಪಟ್ಟಣದಲ್ಲಿ ಹೆಂಡತಿ ಮನೆಯಂತೆ. ಬೀಗ ಹಾಕ್ಕೊಂಡು ಹೋಗಿಬಿಟ್ಟಿದಾನೆ. ಇನ್ನೊಂದು ಪರೀಕ್ಷೆ ಆಗಿಬಿಡಲಿ ಅಂತ ನೋಡ್ತಿದೀನಿ. ಖಚಿತವಾಗದೆ ಹೇಗೆ ಹೇಳೋದು?"

"ಖಚಿತ ಮಾಡ್ಕೋತಾ ಇದೀರೋ, ದಿನ ದೂಡ್ತಾ ಇದೀರೋ?"

ಅವರು ಅನ್ನ ಕಲಸುತ್ತಲೇ ಇದ್ದರು.

ಫೆಬ್ರವರಿ ಆರನೆಯ ತಾರೀಕು ಎರಡನೆಯ ಪರೀಕ್ಷೆಯೂ ಮುಗಿಯಿತು. ಅದೇ ಹರಳುಗಳು, ಇನ್ನೂ ಸ್ಪಷ್ಟವಾಗಿ. ಮದುವೆಗೆ ನಾಲ್ಕು ದಿನವಿತ್ತು. ನಾಳೆ ಹೋಗುತ್ತೇನೆ ಎಂದುಕೊಂಡರು. ನಾಳೆ ಆಂತರಿಕ ಪರೀಕ್ಷೆಯ ಮೇಲ್ವಿಚಾರಣೆ ಬಂತು. ಮರುದಿನ, ಮದುವೆಯ ಓಡಾಟದಲ್ಲಿರುವ ಮನೆಗೆ ಹೋಗಿ ಸತ್ತ ಹಸುವಿನ ಮಾತು ಎತ್ತುವುದು ಹೇಗೆ ಅನ್ನಿಸಿತು. ಅದರ ಮರುದಿನ, ಇನ್ನು ಮದುವೆ ಮುಗಿಯಲಿ ಅನ್ನಿಸಿತು.

ಮದುವೆಗೆ ಹೋದರು. ಮಲ್ಲಿಗಮ್ಮ ತಾನೇ ಬಂದು ಕರೆದಿದ್ದಳು. ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ. ಬುದ್ಧನ ಪಟದ ಮುಂದೆ ಮೇಣದಬತ್ತಿ. ಪುರೋಹಿತರನ್ನು ಆ ಮನೆಗಳವರು ಬಿಟ್ಟು ಬಹಳ ವರ್ಷವಾಗಿತ್ತು, ಆದರೆ ಸೋದರಮಾವನನ್ನು ಯಾರೂ ಬಿಟ್ಟಿರಲಿಲ್ಲ. ಹುಡುಗಿಯನ್ನು ಕರೆತರುವ ಹೊತ್ತಿಗೆ ಒಳಗೆ ಸ್ವಲ್ಪ ಗುಸುಗುಸು ಆಯಿತು. ಕೊನೆಗೆ ದೂರದ ನೆಂಟ ಪುಟ್ಟಸ್ವಾಮಿ ಎಂಬವನು ಹೊಸ ಪಂಚೆ ಸರಿಮಾಡಿಕೊಳ್ಳುತ್ತಾ ಯಶೋಧರೆಯ ಕೈ ಹಿಡಿದು ತಂದ. ಹೊಸ್ತಿಲು ದಾಟುವಾಗ ಆ ಹುಡುಗಿ ಒಂದು ಗಳಿಗೆ ನಿಂತು, ಬೀಗ ಹಾಕಿದ್ದ ಪಕ್ಕದ ಮನೆಯ ಕಡೆ ನೋಡಿದಳು. "ನಡಿಯವ್ವ, ಒತ್ತಾಯ್ತದೆ" ಎಂದ ಪುಟ್ಟಸ್ವಾಮಿ.

ಯೋಗಾನರಸಿಂಹ ಎರಡನೆಯ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ಅಕ್ಷತೆಯ ಬದಲು ಕೊಟ್ಟಿದ್ದ ಸೇವಂತಿಗೆಯ ಎಸಳುಗಳನ್ನು ಎಲ್ಲರೊಂದಿಗೆ ತಾವೂ ಎರಚಿದರು. ಊಟಕ್ಕೆ ಕೂತು ಎಲೆಯ ಮೇಲೆ ಬಡಿಸಿದ್ದನ್ನು ಉಂಡರು.

ಮೂರು ದಿನ ಬಿಟ್ಟು, ಬುಧವಾರ, ಚಾಕಿ ಮನೆಯ ಬಾಗಿಲಲ್ಲಿ ಮಲ್ಲಿಗಮ್ಮನಿಗೆ ಹೇಳಿದರು. ಬಕೆಟ್, ಸಿಹಿ, ಹರಳು, ಯಾವುದನ್ನೂ ಬಿಡದೆ ಕ್ರಮವಾಗಿ ಹೇಳಿದರು. ಅವಳು ಸೊಪ್ಪಿನ ಮಂಕರಿ ಕೆಳಗಿಟ್ಟು ಕೇಳಿದಳು. ಮಧ್ಯೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ಅಂಗಾದ್ರೆ ನಮ್ಮಣ್ಣ ಆಕ್ಲಿಲ್ವಾ ಸಾ?"

"ಇಲ್ಲಮ್ಮ. ನಾನು. ನನ್ನ ಬಕೆಟ್ಟು."

ಅವಳು ಅಳಲಿಲ್ಲ. ಮನೆಗೆ ಹೋಗಿ ಸೀರೆ ಬದಲಿಸಿ ಬಂದು, "ಮಲ್ಲಿಪಟ್ನುಕ್ ಓಗಾನ ನಡೀರಿ ಸಾ. ನಾನ್ ಏಳುದ್ರೆ ಅವ್ನು ನಂಬಾಕಿಲ್ಲ, ನೀವೇ ಏಳ್ಬೇಕು" ಎಂದಳು. ಕೈಯಲ್ಲಿ ಮದುವೆಯ ಲಾಡು ಕಟ್ಟಿದ ಒಂದು ಪೊಟ್ಟಣವಿತ್ತು.

ಅರಕಲಗೂಡಿನಲ್ಲಿ ಬಸ್ಸು ಬದಲಿಸಿ ಮಲ್ಲಿಪಟ್ಟಣ ತಲುಪುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ಹುಚ್ಚಯ್ಯ ಯಾರದೋ ಕಣದಲ್ಲಿ ರಾಗಿ ತೂರುತ್ತಿದ್ದ. ತಂಗಿಯನ್ನು ಕಂಡು ಮೊರ ಕೆಳಗಿಟ್ಟ. ಮೇಷ್ಟ್ರಿಗೆ ಎಂದು ಗೋಣಿಚೀಲ ಹಾಸಿ, ಕೂರಲು ಹೇಳಿದ. ಯೋಗಾನರಸಿಂಹ ಕೂರಲಿಲ್ಲ, ನಿಂತೇ ಎಲ್ಲ ಹೇಳಿದರು. ಈ ಸಲ ಮಾತು ಕ್ರಮವಾಗಿ ಬರಲಿಲ್ಲ.

ಹುಚ್ಚಯ್ಯ ಕೇಳಿಸಿಕೊಂಡ. ತಲೆಗೂದಲಿನಿಂದ ರಾಗಿಯ ಹೊಟ್ಟು ಕೊಡವಿಕೊಂಡು, "ಸರಿ ಬುಡಿ ಸಾ. ಬೇಕೂ ಅಂತ ಮಾಡುದ್ರಾ? ಇಲ್ವಲ್ಲ" ಎಂದ.

"ನಿನ್ನ ಮೇಲೆ ತಪ್ಪಿಲ್ಲ ಅಂತ ನಾನು ಊರಿನವರ ಮುಂದೆ ನಿಂತು ಹೇಳ್ತೀನಿ ಹುಚ್ಚಯ್ಯ. ನಾಳೇನೇ ಹೇಳ್ತೀನಿ."

"ಊರೋರ್ಗೆ ಏಳಿ, ಬ್ಯಾಡ ಅನ್ನಾಕಿಲ್ಲ." ಅವನು ತಂಗಿಯ ಕಡೆ ನೋಡದೆ ಹೇಳಿದ: "ನಾನ್ ಆಕ್ಲಿಲ್ಲ ಅಂತ ನಂಗ್ ಗೊತ್ತಿತ್ತು ಸಾ. ಇವ್ಳ್ಗೆ ಗೊತ್ತಿರ್ಲಿಲ್ವಲ್ಲ. ಒಂದೇ ತಾಯಿ ಆಲ್ ಕುಡ್ದು ಇವ್ಳ್ಗೆ ಗೊತ್ತಿರ್ಲಿಲ್ವಲ್ಲ."

"ಅಣ್ಣ, ತೆಪ್ಪಾಯ್ತು ಕಣೋ. ಕಾಲ್ ಇಡ್ಕತೀನಿ" ಎಂದು ಮಲ್ಲಿಗಮ್ಮ ಬಗ್ಗಿದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಅಂಗೆಲ್ಲ ಮಾಡ್ಬ್ಯಾಡ ಕಣವ್ವ. ಕೂಸು ಚೆಂದಾಗ್ ಅವ್ಳಾ?"

"ಅವ್ಳೆ. ಓಗಾಗ ನಿನ್ನೇ ಕೇಳುದ್ಲು."

"ಹೂಂ." ಅವನು ಕಣದ ಮೇಲಿನ ಹೊಟ್ಟನ್ನು ಕಾಲಿನಿಂದ ಸರಿಸಿದ. "ಸೀರೆ ತಂದ್ ಮಡಗಿದ್ದೆ. ಅಸ್ರುದು. ಅವ್ಳ್ಗೆ ಅಸ್ರು ಆಯ್ತದೆ ಅಂತ."

"ಮನೀಗ್ ಬಾರೋ ಅಣ್ಣ."

"ಬತ್ತೀನಿ ಬುಡು. ಯಾವತ್ತಾದ್ರೂ ಬತ್ತೀನಿ" ಎಂದು ಅವನು ಪೊಟ್ಟಣ ಇಸಿದುಕೊಂಡ. ಬಿಚ್ಚಿ ನೋಡಲಿಲ್ಲ. ಗಾಳಿ ಬೀಳುವುದರೊಳಗೆ ರಾಶಿ ಮುಗಿಸಬೇಕು ಎಂದು ಮೊರ ಎತ್ತಿಕೊಂಡ.

ಬಸ್ಸಿಗೆ ಕಾಯುತ್ತಾ ಇಬ್ಬರೂ ಮರದ ಕೆಳಗೆ ನಿಂತರು. ಮಲ್ಲಿಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, ಏನೋ ಲೆಕ್ಕ ಸೇರದವಳಂತೆ ಕೇಳಿದಳು:

"ಸಾ, ಅಸೀನ್ ಕಿಡ್ನೀಲಿ ಆ ಅಳ್ಳು ಅಂದ್ರಲ್ಲ. ಅದನ್ನ ನೀವ್ ಯಾವತ್ ಕಂಡ್ರಿ?"

ಯೋಗಾನರಸಿಂಹರ ಬಳಿ ತಾರೀಕುಗಳೆಲ್ಲ ಇದ್ದವು. ಒಂದನ್ನೂ ಅವರು ಮರೆತವರಲ್ಲ.

"ಜನವರಿ ಇಪ್ಪತ್ತೆರಡು."

"ಅಂದ್ರೆ ಮದ್ವೇಗ್ ಮುಂಚೆ."

"ಹೌದು."

"ಮದ್ವೇಲಿ ಕುಂತಿದ್ರಲ್ಲ ಸಾ ನೀವು. ನಾನೇ ಪಾಯ್ಸ ಬಡ್ಸುದ್ನಲ್ಲ ನಿಮ್ಗೆ."

ಬಸ್ಸು ಬಂದು ನಿಂತಾಗ ಅವಳು ಮುಂದಿನ ಬಾಗಿಲಿನಿಂದ ಹತ್ತಿ ಹೆಂಗಸರ ನಡುವೆ ಹೋಗಿ ಕೂತಳು. ಅವರು ಹಿಂದಿನ ಬಾಗಿಲಿನಿಂದ ಹತ್ತಿ ಕಂಬಿ ಹಿಡಿದು ನಿಂತರು. ಕಂಡಕ್ಟರ್ ಹತ್ತಿರ ಬಂದಾಗ, ಮುಂದೆ ಕೈ ತೋರಿಸಿ, "ಅರಕಲಗೂಡು, ಎರಡು" ಎಂದರು.

ಅವನು ಬಗ್ಗಿ ಮುಂದೆ ನೋಡಿದ. "ಆ ಯಮ್ಮ ಆಗ್ಲೇ ತಕ್ಕೊಂಡವ್ರೆ ಸಾ" ಎಂದು ಒಂದೇ ಟಿಕೆಟ್ ಹರಿದುಕೊಟ್ಟ.